ಎಸ್ತೇರಳ ಪಾಳಿ

ಗದಗ ಸೀಮೆಯ ಒಂದು ಊರಿನಲ್ಲಿ ನೇಕಾರ ಕ್ರೈಸ್ತರ ಓಣಿಯೊಂದಿತ್ತು. ಬೆಥೇಲ ಓಣಿ ಎಂದು ಅದರ ಹೆಸರು. ಹೊತ್ತು ಮುಳುಗುವಾಗ ದೇವಾಲಯದ ಗಂಟೆ ಮೂರು ಸಲ ಬಾರಿಸಿದರೆ ಸಾಕು, ಒಂದೊಂದೇ ಮನೆಯ ಮಗ್ಗದ ಸದ್ದು ನಿಲ್ಲುತ್ತಿತ್ತು. ಲಾಳಿ ಕೆಳಗಿಟ್ಟು, ಕೈಕಾಲು ತೊಳೆದು, ಕಂದೀಲು ಹಚ್ಚಿ, ಮನೆಮಂದಿಯೆಲ್ಲ ಚಾಪೆಯ ಮೇಲೆ ಕೂಡುತ್ತಿದ್ದರು. ಆ ಹೊತ್ತಿನಲ್ಲಿ ಓಣಿಯ ಈ ತುದಿಯಿಂದ ಆ ತುದಿಗೆ ನಡೆದವರಿಗೆ ಒಂದು ಮನೆಯಲ್ಲಿ ಕೀರ್ತನೆ ಕೇಳಿಸುತ್ತಿತ್ತು, ಮುಂದಿನ ಮನೆಯಲ್ಲಿ ಕೂಸಿನ ಅಳು, ಅದರಾಚೆಯ ಮನೆಯಲ್ಲಿ ಎರಡೂ. ಈಗ ಅಲ್ಲಿ ಮಗ್ಗಗಳಿಲ್ಲ. ಗಂಟೆ ಇದೆ, ಬಾರಿಸುತ್ತದೆ. ಆದರೆ ನಿಲ್ಲುವುದಕ್ಕೆ ಯಾವ ಸದ್ದೂ ಉಳಿದಿಲ್ಲ.

ಆ ಓಣಿಯ ಕೊನೆಯ ಒಂದೇ ಅಂಕಣದ ಮನೆಯಲ್ಲಿ ತಬಿಥಮ್ಮನವರು ವಾಸವಾಗಿದ್ದರು. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರು. ಮನೆಮನೆಗೆ ಹೋಗಿ ಸತ್ಯವೇದ ಓದಿ ಹೇಳುವ ಸೇವೆಯಲ್ಲಿ ನಲವತ್ತು ವರ್ಷ ಸವೆಸಿದ್ದರು. ಜನರು ಭಕ್ತಿಯಿಂದ ‘ಬೈಬಲ್ ಅಮ್ಮಾರು’ ಎನ್ನುತ್ತಿದ್ದರು. ಎರಡು ಬಿಳಿ ಸೀರೆ, ಒಂದು ಕರಿ ಕೊಡೆ, ದಾರ ಕಟ್ಟಿದ ಕನ್ನಡಕ, ಇಷ್ಟೇ ಅವರ ಸಂಪತ್ತು. ಯಾರ ಮನೆಗೆ ಹೋದರೂ ಕುರ್ಚಿ ಒಲ್ಲೆ ಎಂದು ನೆಲದ ಮೇಲೆಯೇ ಕೂಡುತ್ತಿದ್ದರು. ಅವರ ಪ್ರಾರ್ಥನೆ ಬಹಳ ಚಿಕ್ಕದು. ಕೇಳಿದವರಿಗೆ, “ಆತ ಎಲ್ಲಾ ಬಲ್ಲವ. ನಾ ಲಾಂಬಾಗಿ ಹೇಳಿದ್ರ ನಿಮ್ಮ ಸಾರು ಆರತೈತಿ, ಅಷ್ಟ” ಎಂದು ನಗುತ್ತಿದ್ದರು. ದೇವಾಲಯದ ಸಭಾಪಾಲಕರ ಮುಕ್ಕಾಲು ತಾಸಿನ ಪ್ರಾರ್ಥನೆಗೆ ಮೊಣಕಾಲು ನೋಯಿಸಿಕೊಂಡವರಿಗೆ ಈ ಮಾತು ಜೇನುತುಪ್ಪದಂತಿತ್ತು.

ಅದೇ ಓಣಿಯ ನಡುವಿನ ಮನೆ ಗಿದ್ಯೋನಪ್ಪನದು. ಗಟ್ಟಿ ಕೆಲಸಗಾರ, ಕಡಿಮೆ ಮಾತಿನವನು. ಹೆಂಡತಿ ಸುವಾರ್ತವ್ವ, ದೊಡ್ಡ ಮಗಳು ದೀನಾ, ಚಿಕ್ಕವಳು ಎಸ್ತೇರ. ಆ ಓಣಿಯಲ್ಲಿ ಸಂಜೆಯ ಪ್ರಾರ್ಥನೆಗೆ ಒಂದು ರೂಢಿಯಿತ್ತು: ಒಬ್ಬೊಬ್ಬರೂ ಸತ್ಯವೇದದಿಂದ ಬಾಯಿಪಾಠ ಮಾಡಿದ ಒಂದು ವಾಕ್ಯ ಹೇಳಬೇಕು, ಮನೆಯಲ್ಲಿ ಎಲ್ಲರಿಗಿಂತ ಸಣ್ಣವರು ಶುರು ಮಾಡಬೇಕು, ಯಜಮಾನ ಮುಗಿಸಬೇಕು. ಏಳು ವರ್ಷದ ಎಸ್ತೇರಳಿಗೆ ಇದೊಂದು ದೊಡ್ಡ ಅಧಿಕಾರವೇ ಆಗಿತ್ತು. ಅಧಿಕಾರ ದೊಡ್ಡದು, ವಾಕ್ಯ ಮಾತ್ರ ತೀರ ಸಣ್ಣದು. ಸತ್ತ ಸ್ನೇಹಿತನ ಸಮಾಧಿಯ ಬಳಿ ಕರ್ತನು ಕಣ್ಣೀರು ಸುರಿಸಿದ ವಾಕ್ಯವಿದೆಯಲ್ಲ, ಅತಿ ಚಿಕ್ಕದೆಂದು ಸೋಮಾರಿ ಮಕ್ಕಳೆಲ್ಲ ಹುಡುಕಿ ಹಿಡಿಯುವ ವಾಕ್ಯ, ಅದನ್ನೂ ಅವಳು ಅರ್ಧ ಮಾಡಿದ್ದಳು. “ಯೇಸಪ್ಪ ಅತ್ತ” ಎನ್ನುವಳು. ಪಕ್ಕದಲ್ಲಿದ್ದ ಅಕ್ಕನ ಮೊಣಕಾಲಿಗೆ ಬೆರಳಿನಿಂದ ತಟ್ಟಿ, “ಹೂಂ, ಮುಂದ” ಎನ್ನುವಳು. ಅಕ್ಕ ತಡವರಿಸಿದರೆ ಇನ್ನೊಮ್ಮೆ ತಟ್ಟುವಳು.

ಒಂದು ಸಂಜೆ ಗಿದ್ಯೋನಪ್ಪ ಗದರಿಸಿದ್ದ. “ದಿನಾ ಅದನ್ನ ಹೇಳ್ತಿ. ನಾಳೆ ಬ್ಯಾರೆ ವಾಕ್ಯ ಕಲತು ಬರಬೇಕು, ಇಲ್ಲಾಂದ್ರ ಚಾಪಿ ಮ್ಯಾಲೆ ಕೂಡಬ್ಯಾಡ.” ಮರುದಿನ ಹುಡುಗಿಗೆ ಜ್ವರ ಬಂತು. ಆಮೇಲೆ ಅವಳು ಆ ಚಾಪೆಯ ಮೇಲೆ ಕೂಡಲೇ ಇಲ್ಲ. ಐದನೆಯ ದಿನ ಓಣಿಯವರೆಲ್ಲ ಸೇರಿ ಸಣ್ಣ ಪೆಟ್ಟಿಗೆಯನ್ನು ಸಮಾಧಿಭೂಮಿಗೆ ಹೊತ್ತರು.

ಮಣ್ಣಾದ ಮೂರನೆಯ ದಿನ ಗಂಟೆ ಬಾರಿಸಿತು. ಮೂವರೂ ಚಾಪೆಯ ಮೇಲೆ ಕೂತರು. ಗಿದ್ಯೋನಪ್ಪ ವೇದಪುಸ್ತಕ ಬಿಚ್ಚಿದ. ಯಾರೂ ಬಾಯಿ ತೆರೆಯಲಿಲ್ಲ. ಕೊನೆಗೆ ಸುವಾರ್ತವ್ವ, “ದೀನಾ, ನೀ ಶುರು ಮಾಡವಾ” ಎಂದಳು.

ಗಿದ್ಯೋನಪ್ಪನ ಎದೆಗೆ ಒದ್ದಂತಾಯಿತು. “ಮೂರ ದಿನದಾಗ ಅಕಿ ಪಾಳಿ ಹಂಚಿಕೊಂಡ್ರೇನು?” ಎಂದವನೇ ಪುಸ್ತಕ ಮುಚ್ಚಿ, ಬಟ್ಟೆಯಲ್ಲಿ ಸುತ್ತಿ, ಗೋಡೆಯ ಮಾಡದಲ್ಲಿಟ್ಟ. ಅಂದಿನಿಂದ ಆ ಮನೆಯಲ್ಲಿ ಪ್ರಾರ್ಥನೆ ನಿಂತಿತು. ಗಂಡ ಹೆಂಡತಿಯ ಮಾತೂ ನಿಂತಿತು. ಗಂಟೆಯಾದ ಮೇಲೆಯೂ ಅವನ ಮಗ್ಗವೊಂದೇ ಖಟ್ ಖಟ್ ಎನ್ನುತ್ತಿತ್ತು. ಸಭಾಪಾಲಕರು ಬಂದು ದೇವರ ಚಿತ್ತದ ಕುರಿತು ವಿವರವಾಗಿ ಬೋಧಿಸಿದರು. ಅವನು ಲಾಳಿ ಎಸೆಯುತ್ತಲೇ ಕೇಳಿದ. ಹೀಗೆ ಎಂಟು ತಿಂಗಳು. ಸುವಾರ್ತವ್ವನಿಗೂ ಸಾಕಾಗಿತ್ತು. ದೀನಾಳನ್ನು ಕರೆದುಕೊಂಡು ಬರುವ ಸೋಮವಾರ ತವರಿಗೆ ಹೊರಡುವುದೆಂದು ಗಂಟು ಕಟ್ಟಿಟ್ಟಿದ್ದಳು. ತಿರುಗಿ ಬರುವೆನೆಂದು ಅವಳು ಹೇಳಲಿಲ್ಲ, ಬಾ ಎಂದು ಅವನೂ ಹೇಳಲಿಲ್ಲ.

ತಬಿಥಮ್ಮನವರನ್ನು ಸಭೆಯವರು ಆ ವರ್ಷ ದೂರದ ಹಳ್ಳಿಗಳ ಸೇವೆಗೆ ಕಳಿಸಿದ್ದರು. ಅವರು ಮರಳಿ ಬಂದದ್ದು ಒಂದು ಶುಕ್ರವಾರ. ಬಾವಿಕಟ್ಟೆಯಲ್ಲಿ ದೀನಾ ಸಿಕ್ಕಳು. ಹುಡುಗಿ ಹೇಳಿದ್ದನ್ನೆಲ್ಲ ಕೇಳಿ ಅವಳ ತಲೆ ಸವರಿದರು. ಅಂದೇ ಸಂಜೆ ಗಂಟೆಯಾದ ಕೂಡಲೇ ಗಿದ್ಯೋನಪ್ಪನ ಮನೆಯ ಹೊಸ್ತಿಲು ದಾಟಿದರು.

ಅವನು ಕಾಲು ಇಳಿಬಿಟ್ಟು ಕೂತಿದ್ದ ಮಗ್ಗದ ಕುಣಿಯಿಂದ ಏಳಲಿಲ್ಲ. “ಬರ್ರಿ ಅಮ್ಮಾರ. ಚಾ ಕುಡದು ಹೋಗ್ರಿ. ಪ್ರಾರ್ಥನಿ ಮಾತ್ರ ಈ ಮನ್ಯಾಗ ಬ್ಯಾಡ್ರಿ.”

“ಆತಪ್ಪಾ” ಎಂದು ತಬಿಥಮ್ಮನವರು ಚಾಪೆಯನ್ನು ತಾವೇ ಬಿಡಿಸಿಕೊಂಡು ಕೂತರು. ದೀನಾ ಅವರ ಪಕ್ಕ ಕೂತಳು. ಸುವಾರ್ತವ್ವ ಬಾಗಿಲ ಮರೆಯಲ್ಲಿ ನಿಂತಳು.

ಅಮ್ಮನವರು ಉಪದೇಶ ಶುರು ಮಾಡುತ್ತಾರೆ, ತಾನೊಂದು ಉತ್ತರ ಕೊಡಬೇಕು ಎಂದು ಗಿದ್ಯೋನಪ್ಪ ಕಾದ. ಎಂಟು ತಿಂಗಳಿನಿಂದ ಉತ್ತರಗಳನ್ನು ಮಸೆದು ಇಟ್ಟುಕೊಂಡಿದ್ದ. ಅವರು ಏನೂ ಹೇಳಲಿಲ್ಲ. ಲಾಳಿ ಎಸೆದ, ಎಳೆ ತುಂಡಾಯಿತು. ಗಂಟು ಹಾಕಿ ಮತ್ತೆ ಎಸೆದ, ಮತ್ತೆ ತುಂಡಾಯಿತು. ಕೊನೆಗೆ ಕುಣಿಯಿಂದ ಎದ್ದು ಬಂದು ಅವರೆದುರು ನಿಂತ.

“ಯಾಕ ಸುಮ್ಮ ಕುಂತೀರಿ ಅಮ್ಮಾರ? ಇಲ್ಲಿ ಶುರು ಮಾಡಾಕಿ ಇಲ್ಲ. ಶುರು ಮಾಡಾಕಿನ್ನ ಆ ದೇವರ ಕರಕೊಂಡು ಹೋದ. ಇನ್ನ ಯಾರು ಶುರು ಮಾಡಬೇಕು? ನೀವ ಹೇಳ್ರಿ!”

ತಬಿಥಮ್ಮನವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಅವರ ಕಣ್ಣು ತುಂಬಿತ್ತು. ಮೆಲ್ಲಗೆ ಹೇಳಿದರು:

“ಅಕಿ ಶುರು ಮಾಡಿ ಎಂಟು ತಿಂಗಳಾತು ತಮ್ಮಾ. ಕರ್ತನ ಹಂತ್ಯಾಕ ಕುಂತು ತನ್ನ ವಾಕ್ಯ ಹೇಳ್ಯಾಳ. ನಮ್ಮವ್ರು ಇನ್ನಾ ಹೇಳವಲ್ರಲ್ಲಾ ಅಂತ ಕಾಯಾಕತ್ತಾಳ.”

ಇಷ್ಟು ಹೇಳಿ, ಪಕ್ಕದಲ್ಲಿದ್ದ ದೀನಾಳ ಮೊಣಕಾಲಿಗೆ ಬೆರಳಿನಿಂದ ತಟ್ಟಿದರು. “ಹೂಂ, ಮುಂದ.”

ರವಿವಾರದ ಶಾಲೆಯಲ್ಲಿ ಓಣಿಯ ಮಕ್ಕಳಿಗೆಲ್ಲ ವಾಕ್ಯ ಕಲಿಸುತ್ತಿದ್ದವರು ಅವರೇ. ಎಸ್ತೇರಳಿಗೆ ಆ ತಟ್ಟುವಿಕೆ ಎಲ್ಲಿಂದ ಬಂದಿತ್ತೆಂದು ಗಿದ್ಯೋನಪ್ಪನಿಗೆ ಆಗ ತಿಳಿಯಿತು. ಗೋಡೆ ಹಿಡಿದು ಚಾಪೆಯ ಅಂಚಿಗೆ ಕೂತ.

ದೀನಾ ಬಿಕ್ಕುತ್ತ ತನ್ನ ವಾಕ್ಯ ಹೇಳಿದಳು. ಮುಂದಿನ ಪಾಳಿ ತಾಯಿಯದು. ಸುವಾರ್ತವ್ವ ಬಾಗಿಲ ಮರೆಯಿಂದ ಬಂದು ಕೂತಳು. ಆದರೆ ಅವಳ ಬಾಯಿಗೆ ವಾಕ್ಯ ಬರಲಿಲ್ಲ, ಗಂಡನ ಕಡೆ ತಿರುಗಿದಳು.

“ಅವತ್ತ ನಾ ಅಕಿನ್ನ ಮರತು ದೀನಾಗ ಶುರು ಮಾಡು ಅಂದಿಲ್ರೀ. ಯಾರೂ ಹೇಳದ ಸುಮ್ಮ ಕುಂತಿದ್ವಲ್ಲ, ಅದರಾಗ ಅಕಿ ದನಿ ಕೇಳಿಸಿದಂಗಾತು. ಇನ್ನೊಂದು ಚೂರು ಹಂಗ ಕುಂತಿದ್ರ ನನ್ನ ಎದಿ ಒಡೀತಿತ್ತು. ಅದಕ್ಕ ಅಂದೆ.”

ಗಿದ್ಯೋನಪ್ಪ ಹೆಂಡತಿಯ ಮುಖ ನೋಡಿದ. ಎಂಟು ತಿಂಗಳಲ್ಲಿ ಅವಳ ಕೂದಲು ಬೆಳ್ಳಗಾಗಿದ್ದುದು ಅವನ ಕಣ್ಣಿಗೆ ಬಿದ್ದಿರಲೇ ಇಲ್ಲ. ತಾನೊಬ್ಬನೇ ಮಗಳನ್ನು ಕಳೆದುಕೊಂಡವನೆಂದು ನಂಬಿ ಕೂತಿದ್ದೆನಲ್ಲ ಎಂದು ನಾಚಿಕೆಯಿಂದ ತಲೆ ತಗ್ಗಿಸಿದ.

ಕೊನೆಯ ಪಾಳಿ ಅವನದು. ಉದ್ದುದ್ದ ಕೀರ್ತನೆಗಳನ್ನು ತಪ್ಪಿಲ್ಲದೆ ಒಪ್ಪಿಸುವುದರಲ್ಲಿ ಓಣಿಗೇ ಹೆಸರಾಗಿದ್ದವನು. ಅಂದು ಒಂದು ಸಾಲೂ ನೆನಪಾಗಲಿಲ್ಲ. ಮಗಳನ್ನು ಗದರಿಸಿ ಬೇಡವೆಂದಿದ್ದ ಅದೇ ವಾಕ್ಯ ಅವನ ಬಾಯಿಂದ ಬಂತು.

“ಯೇಸಪ್ಪ ಅತ್ತ” ಎಂದ. ಎಂದವನೇ ಹೆಂಡತಿಯ ಕೈ ಹಿಡಿದು, ಸಣ್ಣ ಹುಡುಗನಂತೆ ಬಾಯಿಬಿಟ್ಟು ಅತ್ತ.

ತಬಿಥಮ್ಮನವರು “ಆಮೆನ್” ಎಂದರು. ಅಂದಿನ ಪ್ರಾರ್ಥನೆ ಅಷ್ಟೇ. ಕೊಡೆ ತೆಗೆದುಕೊಂಡು ಎದ್ದರು. ಚಹಾ ಕುಡಿಯದೇ ಹೋಗುತ್ತೀರಲ್ಲ ಎಂದು ಸುವಾರ್ತವ್ವ ಕಣ್ಣೊರೆಸಿಕೊಳ್ಳುತ್ತ ಬಾಗಿಲವರೆಗೆ ಓಡಿದರೆ, “ನಾಳೆ ಬರ್ತೀನವ್ವಾ. ಮೊದಲ ಆ ಗಂಟು ಬಿಚ್ಚು” ಎಂದು ಹೇಳಿ ನಡೆದರು. ಸೋಮವಾರ ಬಂತು, ಹೋಯಿತು. ತವರಿಗೆ ಯಾರೂ ಹೊರಡಲಿಲ್ಲ.

ಆಮೇಲೆ ಗಿದ್ಯೋನಪ್ಪನ ಮನೆಯಲ್ಲಿ ಪ್ರಾರ್ಥನೆ ಒಂದು ದಿನವೂ ತಪ್ಪಲಿಲ್ಲ. ಗಂಟೆ ಬಾರಿಸಿದಾಗ ಓಣಿಯಲ್ಲಿ ಮೊದಲು ನಿಲ್ಲುವ ಮಗ್ಗ ಅವನದಾಯಿತು. ಎಲ್ಲರೂ ಕೂತ ಮೇಲೆ, ಎರಡು ಮಾತು ಹೇಳುವಷ್ಟು ಹೊತ್ತು ಮನೆಮಂದಿ ಸುಮ್ಮನಿರುತ್ತಿದ್ದರು. ಹೊಸದಾಗಿ ಬಂದ ನೆಂಟರು ಇದೇನೆಂದು ಮುಖ ಮುಖ ನೋಡುತ್ತಿದ್ದರು. ಆ ಸುಮ್ಮನಿರುವಿಕೆ ಮುಗಿದ ಮೇಲೆಯೇ ದೀನಾ ಬಾಯಿ ತೆರೆಯುತ್ತಿದ್ದಳು.

ತಬಿಥಮ್ಮನವರು ಕರ್ತನ ಸನ್ನಿಧಿ ಸೇರಿ ಬಹಳ ವರ್ಷಗಳಾಗಿದ್ದವು. ದೀನಾಳ ಮದುವೆಯಾಗಿ, ಮಗ ಹುಟ್ಟಿ, ಅವನು ಮಾತು ಕಲಿತು, ಅಜ್ಜನ ಮನೆಗೆ ಬಂದಿದ್ದ. ಸಂಜೆ ಚಾಪೆಯ ಮೇಲೆ ಕೂತವನು, ಮನೆಗೆಲ್ಲ ತಾನೇ ಸಣ್ಣವನೆಂಬ ಹಮ್ಮಿನಿಂದ ವಾಕ್ಯ ಹೇಳಲು ಹೊರಟ. ಮುದುಕನಾಗಿದ್ದ ಗಿದ್ಯೋನಪ್ಪ ಅವನ ಮೊಣಕಾಲ ಮೇಲೆ ಕೈಯಿಟ್ಟ.

“ತಡಿಯೋ ತಮ್ಮಾ. ನಿಂದು ಎರಡನೇ ಪಾಳಿ. ಮೊದಲ ನಿಮ್ಮ ಎಸ್ತೇರ ಚಿಗವ್ವ ಹೇಳ್ತಾಳ.”

ಹುಡುಗ ಕಣ್ಣು ಪಿಳಿಪಿಳಿ ಬಿಡುತ್ತ ಸುಮ್ಮನಾದ. ಸ್ವಲ್ಪ ಹೊತ್ತು ಕಾದು, ಪಿಸುದನಿಯಲ್ಲಿ ಕೇಳಿದ: “ಹೇಳಿದ್ಲಾ ಅಜ್ಜಾ?”

“ಹೇಳಿದ್ಲಪ್ಪಾ” ಎಂದು ಗಿದ್ಯೋನಪ್ಪ ಬೆರಳಿನಿಂದ ಮೆಲ್ಲಗೆ ತಟ್ಟಿದ. “ಹೂಂ, ಮುಂದ.”