ಐದು ಬೆರಳಿನ ಮರ

ಆ ಬೆಳಿಗ್ಗೆ ಅಗಸರ ಮಾಚ ಎಂದಿನಂತೆ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ. ಡಂಗುರ ಕೇಳಿ ಕೈ ನಿಲ್ಲಿಸಿದ.

"ಕೇಳಿರಪ್ಪೋ ಕೇಳಿ! ತೀರಿಹೋದ ರಾಣಿಯವರು ತಂಪು ದೇಶದ ತವರಿನಿಂದ ತಂದು ನೆಟ್ಟ ಮೇಪಲ್ ಮರ ಸೊರಗಿದೆ. ಅದರ ಕೆಳಗೆ ಕೂತು ಅವರು ದೊರೆಗೆ ಹಾಕುತ್ತಿದ್ದ ಮೂರು ಒಗಟು ಬಿಡಿಸಿದವರಿಗೇ ಮರ ಮುಟ್ಟುವ ಹಕ್ಕು. ತಪ್ಪು ಹೇಳಿದವರಿಗೂ, ಮರ ಕೆಡಿಸಿದ ತೋಟಗಾರ ಮರಿಲಿಂಗನಿಗೂ ಅಮಾವಾಸ್ಯೆಯಂದು ಮರಣದಂಡನೆ!"

ಮರಿಲಿಂಗ ಮಾಚನ ಸೋದರಮಾವ. ಮಾಚ ಒದ್ದೆ ಪಂಚೆಯಲ್ಲೇ ಅರಮನೆಗೆ ನಡೆದ.

"ಏನೋ ಮಾಚ, ಒಗಟನ್ನೂ ಬಂಡೆಗೆ ಕುಕ್ಕಿ ಬಿಡಿಸ್ತೀಯಾ?" ಎಂದ ಕಾವಲಿನವನು.

"ಕೊಳೆ ಇದ್ರೆ ತಾನೇ ಕುಕ್ಕೋದು, ಅಣ್ಣ."

ಒಳಗೆ, ಮರವಿದ್ದ ಅಂಗಳದಲ್ಲಿ, ದೊರೆ ಮೊದಲ ಒಗಟು ಹಾಕಿದ್ದ. ಕಾಲಿಗೆ ನೀರಿದೆ, ಆದರೂ ಬೆರಳ ತುದಿ ಬಾಯಾರಿ ಕರಕಲಾಗುತ್ತದೆ, ಯಾರದು? ವೈದ್ಯ "ಮೀನು" ಎಂದ. ಪಂಡಿತ "ಕಮಲ" ಎಂದ. ಭಟರು ಇಬ್ಬರ ತೋಳನ್ನೂ ಹಿಡಿದರು.

ಮಾಚ ಮರವನ್ನು ನೋಡಲು ಅಪ್ಪಣೆ ಕೇಳಿದ. ಮುಟ್ಟದೆ, ಹತ್ತಿರ ನಿಂತು ನೋಡಿದ. ಪ್ರತಿ ಎಲೆಗೂ ಐದು ಬೆರಳು. ಬುಡದ ಮಣ್ಣು ಒದ್ದೆ, ಬೆರಳ ತುದಿಗಳು ಮಾತ್ರ ಕಂದು. ಪಡುವಲಿಗೆ, ಗೋಡೆ ಕೆಡವಿದ ಜಾಗ ಬಯಲಾಗಿತ್ತು.

"ಈ ಮರವೇ, ದೊರೆ. ಒದ್ದೆ ಬಟ್ಟೆಯೂ ಅಂಚಿನಿಂದಲೇ ಒಣಗೋದು."

ದೊರೆ ನೆಟ್ಟಗೆ ಕೂತ. "ಇಬ್ಬರು ಕಳ್ಳರು. ಒಬ್ಬ ಕಾಣುತ್ತಾನೆ, ಹಿಡಿಯಲಾಗದು. ಇನ್ನೊಬ್ಬ ಮುಟ್ಟುತ್ತಾನೆ, ಕಾಣಿಸಿಕೊಳ್ಳುವುದಿಲ್ಲ. ಯಾರವರು?"

"ಬಿಸಿಲು, ಗಾಳಿ. ನನ್ನ ಬಟ್ಟೆಯ ನೀರು ಕದಿಯೋರು ಅವರೇ."

"ಕೊಟ್ಟವನಿಗೆ ಕಡಿಮೆಯಾಗದು, ಪಡೆದವನು ಹೊತ್ತೊಯ್ಯಲಾರ. ಏನದು?" ದೊರೆ ಮೂರನೆಯದನ್ನು ಹಾಕಿದ.

"ವಿದ್ಯೆ!" ಎಂದು ಪಂಡಿತ ಭಟರ ಹಿಡಿತದಲ್ಲಿದ್ದುಕೊಂಡೇ ಕೂಗಿದ.

"ವಿದ್ಯೆ ಜೊತೆಗೇ ಬರುತ್ತೆ ಸ್ವಾಮಿ. ಎದ್ದು ಹೋದರೆ ಬರದಿರೋದು ನೆರಳು," ಎಂದ ಮಾಚ.

ದೊರೆ ಮರದ ಕಡೆ ತಿರುಗಿದ. ಉತ್ತರಗಳು ಅವನಿಗೂ ಗೊತ್ತಿದ್ದವು. ಅವು ಮರದ ಕಾಯಿಲೆಯನ್ನೂ ಮದ್ದನ್ನೂ ಹೇಳುತ್ತವೆಂದು ಗೊತ್ತಿರಲಿಲ್ಲ.

"ಪಡುವಲ ಗೋಡೆ ಕೆಡವಿಸಿದ್ದು ಯಾರು, ದೊರೆ?" ಮಾಚ ಮೆಲ್ಲಗೆ ಕೇಳಿದ.

"ನಾನೇ. ಹಾಸಿಗೆಯಿಂದ ಮರ ಕಾಣಲಿ ಅಂತ."

"ಸಂಜೆ ಬಿಸಿಲು, ಗಾಳಿ ಎರಡೂ ಅಲ್ಲಿಂದಲೇ ನುಗ್ಗಿವೆ. ಮಾವ ಎಷ್ಟು ನೀರು ಹೊಯ್ದರೂ ಬೇರು ಕೊಡೋದಕ್ಕಿಂತ ಬೇಗ ಎಲೆಯಿಂದ ಆರಿಹೋಗಿದೆ."

"ಇನ್ನು ಉಳಿಯುತ್ತದೆಯೇ?"

ಮಾಚ ಕಡ್ಡಿಯೊಂದರ ತೊಗಟೆಯನ್ನು ಉಗುರಿನಿಂದ ಕೆರೆದು ತೋರಿಸಿದ. ಒಳಗೆ ಹಸಿರು.

"ಗೋಡೆ ಏಳೋವರೆಗೆ ಆ ಕಡೆಗೊಂದು ತಡಿಕೆ, ಮೇಲೆ ತೆಳುವಾದ ಚಪ್ಪರ. ಬುಡಕ್ಕೆ ಒಣಹುಲ್ಲು ಹಾಸಿ, ಕಾಂಡಕ್ಕೆ ತಾಗಬಾರದು. ಮಣ್ಣು ಒಳಗಿನವರೆಗೆ ಆರುತ್ತಾ ಬಂದಾಗ ನಿಧಾನವಾಗಿ ನೀರು. ಕೊಂಬೆ ಕತ್ತರಿಸಬೇಡಿ. ಗೊಬ್ಬರವೂ ಬೇಡ, ಜ್ವರದಲ್ಲಿ ಮಲಗಿದೋರಿಗೆ ಹಬ್ಬದೂಟ ಬಡಿಸ್ತೀವಾ? ಬಟ್ಟೆಯಾದರೆ ಬಿಸಿಲಲ್ಲಿ ಆರುತ್ತೆ, ದೊರೆ. ಗಾಯ ನೆರಳಲ್ಲಿ ಆರಬೇಕು."

ದೊರೆ ಕಣ್ಣೊರೆಸಿಕೊಂಡ. "ಏನು ಬೇಕೋ ಕೇಳಪ್ಪ."

"ಮಾವನನ್ನು ಬಿಡಿ. ಇವರಿಬ್ಬರನ್ನೂ."

ಮೂವರಿಗೂ ಅಂದೇ ಬಿಡುಗಡೆಯಾಯಿತು. ಹೊಳೆದಂಡೆಯ ಹೊಲ ಮಾಚನ ಹೆಸರಿಗಾಯಿತು. ಗೋಡೆ ಕಟ್ಟುವಾಗ ಮೊದಲ ಕಲ್ಲನ್ನು ದೊರೆಯೇ ಇಟ್ಟ.

ಚಪ್ಪರ ಹಾಕಿದ ಇಪ್ಪತ್ತಮೂರನೆಯ ದಿನ ಬೆಳಿಗ್ಗೆ ಕೆಳಗಿನ ಕೊಂಬೆಯಲ್ಲಿ ಎರಡು ಹೊಸ ಎಲೆ ಚಿಗುರಿದ್ದವು, ಐದೂ ಬೆರಳ ತುದಿಯವರೆಗೆ ಹಸಿರು.