ನಸೀಮಾ ಒಪ್ಪಿಕೊಂಡ ತಪ್ಪುಗಳು

ನೀರಾವರಿ ಕಚೇರಿಯ ಗುಮಾಸ್ತೆ ನಸೀಮಾ ಅಲ್ಲಿನ ಕಂಪ್ಯೂಟರುಗಳಿಗೆಲ್ಲ ಮುಕ್ತ ತಂತ್ರಾಂಶ ಹಾಕಿಸಿದ್ದಳು. ಅದನ್ನು ಕಲಿಯಲು ಜಿಲ್ಲೆಯವರೆಲ್ಲ ಅವಳ ಹತ್ತಿರವೇ ಬರುತ್ತಿದ್ದರು. ಭೂಮಾಪನ ಕಚೇರಿಯ ಸಾಹೇಬರಾದ ಪರಮಶಿವಯ್ಯನವರಿಗೆ ಇದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು. ಅದೇ ತಂತ್ರಾಂಶ ಅವರಲ್ಲೂ ಇತ್ತು, ಕೇಳುವವರಿರಲಿಲ್ಲ.

ಜಿಲ್ಲಾ ಸಭೆಯಲ್ಲಿ ಅವಳು ಆ ತಂತ್ರಾಂಶದ ಬಗ್ಗೆ ಮಾತಾಡಲು ಎದ್ದಾಗ ಸಾಹೇಬರು ತಡೆದರು.

"ಹೊಗಳಿಕೆ ಸಾಕಮ್ಮ. ನೀನು ಮಾಡಿದ ತಪ್ಪುಗಳನ್ನಷ್ಟೇ ಹೇಳು."

"ಆಗಲಿ ಸರ್. ಯಾರಿಗೂ ಕಲಿಸದೆ ಒಂದೇ ದಿನ ಎಲ್ಲ ಬದಲಾಯಿಸಿದೆವು, ಕೆಲಸ ನಿಂತುಹೋಯಿತು. ಹಳೆಯ ಕಡತಗಳು ಹೊಸ ತಂತ್ರಾಂಶದಲ್ಲಿ ತೆರೆಯುತ್ತವೋ ಇಲ್ಲವೋ ಮೊದಲೇ ನೋಡಿರಲಿಲ್ಲ, ಜನ ಬೈದರು."

ಸಭೆಯೆಲ್ಲ ಪೆನ್ನು ತೆಗೆದು ಬರೆದುಕೊಳ್ಳತೊಡಗಿತು.

"ನಮ್ಮಲ್ಲಿ ಒಂದು ತಪ್ಪೂ ಆಗಿಲ್ಲ," ಎಂದರು ಸಾಹೇಬರು.

"ಹಾಗಾದರೆ ನಿಮ್ಮಿಂದ ಕಲಿಯೋದು ಏನೂ ಇಲ್ಲವಲ್ಲ ಸರ್," ಎಂದಳು ನಸೀಮಾ ಮೆತ್ತಗೆ.

ಸಭೆ ನಕ್ಕಿತು. ನಿಜಕ್ಕೂ ಆ ತಪ್ಪುಗಳೆಲ್ಲ ಭೂಮಾಪನ ಕಚೇರಿಯಲ್ಲೂ ಆಗಿದ್ದವು. ತಾವೇ ಮೊದಲು ಹೇಳಬಹುದಿತ್ತಲ್ಲ ಎಂದು ಸಾಹೇಬರ ಹೊಟ್ಟೆ ಇನ್ನಷ್ಟು ಉರಿಯಿತು.