ಮುಳುಗಿದ ಗಳಿಗೆ ಬಟ್ಟಲು

"ಪ್ರತಿ ಸಲವೂ ಸರಿಬರುವ ಪರೀಕ್ಷೆಯನ್ನು ನೀವು ಯಾಕೆ ಒಪ್ಪುತ್ತಿಲ್ಲ, ಮೇಷ್ಟ್ರೇ?" ಎಂದು ಮೇದಿನಿ ಕೇಳಿದಳು.

ಅವಳಿಗೆ ಬೇಸರಕ್ಕಿಂತ ಕುತೂಹಲವೇ ಹೆಚ್ಚಾಗಿತ್ತು. ಮಹಲಿಂಗಯ್ಯ ಮೇಷ್ಟ್ರು ಸುಮ್ಮಸುಮ್ಮನೆ ತಕರಾರು ತೆಗೆಯುವವರಲ್ಲ. ಕಂಪ್ಯೂಟರಿನ ಒಳಗುಟ್ಟುಗಳನ್ನೆಲ್ಲ ಅವಳು ಕಲಿತದ್ದು ಅವರ ಬಳಿಯೇ. ಈಗ ಅವರ ಕೈಕೆಳಗೆ ಅವಳು ಒಂದು ವಿಚಿತ್ರ ತಂತ್ರಾಂಶದ ಮೇಲೆ ಕೆಲಸ ಮಾಡುತ್ತಿದ್ದಳು. ಅದು ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಕಟ್ಟಿ ನಿಲ್ಲಿಸುತ್ತದೆ. ಒಳಗಿನದು ನಕಲಿ. ಆದರೆ ತಾನು ನಕಲಿ ಎಂಬ ಸುಳಿವೂ ಅದಕ್ಕೆ ಸಿಗಬಾರದು.

ಅಸಲಿ ಯಂತ್ರದಲ್ಲಿ ನಡೆದ ಕೆಲಸವನ್ನು ಎಣಿಸುತ್ತ ಹೋಗುವ ಒಂದು ಕೌಂಟರ್ ಇರುತ್ತದೆ. ಎಣಿಕೆ ತುಂಬಿದ ಕೂಡಲೇ ಅದು ಸೊನ್ನೆಗೆ ಮರಳುತ್ತದೆ, ತುಂಬಿತು ಎಂದು ಯಂತ್ರಕ್ಕೆ ಸುದ್ದಿ ಮುಟ್ಟಿಸುತ್ತದೆ. ನಕಲಿಯೂ ಹಾಗೆಯೇ ಮಾಡುತ್ತದೆಯೇ ಎಂದು ನೋಡುವುದು ಮೇದಿನಿಯ ಪಾಲಿಗೆ ಬಂದಿತ್ತು. ಮೇಷ್ಟ್ರು ಹೂಂ ಎಂದರೆ ಮಾರನೆಯ ದಿನವೇ ಆ ತಂತ್ರಾಂಶ ಹೊರಗೆ ಹೋಗುತ್ತಿತ್ತು. ಜನ ಅದನ್ನು ನಂಬಿ ತಮ್ಮ ಕೆಲಸ ಒಪ್ಪಿಸುತ್ತಿದ್ದರು.

"ಹೇಗೆ ಪರೀಕ್ಷೆ ಮಾಡಿದೆ, ಹೇಳು."

"ಸೊನ್ನೆಯಿಂದ ತುಂಬುವ ತನಕ ಯಾರು ಕಾಯುತ್ತಾರೆ ಮೇಷ್ಟ್ರೇ? ಎಣಿಕೆಯನ್ನು ತುಂಬುವ ಅಂಚಿಗೇ ತಂದಿಟ್ಟೆ. ಆಮೇಲೆ, ತುಂಬಿತೇ, ತುಂಬಿತೇ ಎಂದು ಕೌಂಟರನ್ನು ಓದುತ್ತ ಹೋದೆ. ತುಂಬಿತು, ಸುದ್ದಿಯೂ ಬಂತು. ಒಂದು ಸಲವೂ ತಪ್ಪಲಿಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದಿಟ್ಟರೆ ಒಂದು ಕತೆ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತಳು. ಮೇಷ್ಟ್ರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನಿಗೆ ಒಬ್ಬಳೇ ಮಗಳು. ಅವಳಿಗೆ ಗಂಡು ಗೊತ್ತಾಯಿತು, ಛತ್ರ ಗೊತ್ತಾಯಿತು, ಮುಹೂರ್ತವೂ ಗೊತ್ತಾಯಿತು. ಬೀಗರಾಗುವವರು ಮಾತ್ರ ಬಲು ಕಟ್ಟುನಿಟ್ಟಿನವರು. "ಮುಹೂರ್ತ ಮೀರಿದರೆ ಧಾರೆ ಇಲ್ಲ, ನಾವು ಎದ್ದು ಹೋಗುತ್ತೇವೆ" ಎಂದು ಮೊದಲೇ ಹೇಳಿಬಿಟ್ಟಿದ್ದರು. ಆ ಮಾತು ಕೇಳಿದ ದಿನದಿಂದ ವ್ಯಾಪಾರಿಗೆ ಅನ್ನ ಸೇರಲಿಲ್ಲ.

ಆಗ ಗಡಿಯಾರಗಳಿರಲಿಲ್ಲ. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ಕೊಪ್ಪರಿಗೆಯ ನೀರಿನಲ್ಲಿ ತೇಲಿಬಿಡುತ್ತಿದ್ದರು. ಮೆಲ್ಲಗೆ ನೀರು ತುಂಬಿ ಬಟ್ಟಲು ಮುಳುಗಿದರೆ ಒಂದು ಗಳಿಗೆ ಕಳೆಯಿತು ಎಂದು ಲೆಕ್ಕ. ಆಗ ಜಾಗಟೆ ಬಾರಿಸಬೇಕು, ಬಟ್ಟಲನ್ನು ಬರಿದು ಮಾಡಿ ಮತ್ತೆ ತೇಲಿಬಿಡಬೇಕು. ಎಷ್ಟನೆಯ ಬಟ್ಟಲು ಮುಳುಗಿದಾಗ ಧಾರೆ ಎರೆಯಬೇಕೆಂದು ಪುರೋಹಿತರು ಹೇಳಿಡುತ್ತಿದ್ದರು.

ಬಟ್ಟಲು ನೋಡಿಕೊಂಡು ಜಾಗಟೆ ಬಾರಿಸಬೇಕಾದ ಛತ್ರದ ಪಾರುಪತ್ಯಗಾರ ಹೊಸಬ. ಬಟ್ಟಲೂ ಜಾಗಟೆಯೂ ಇದ್ದದ್ದು ಹಿಂದಿನ ಪಡಸಾಲೆಯಲ್ಲಿ. ಅವನು ಪಾತ್ರೆ ಪಡಗ ಎಣಿಸಿಕೊಡುತ್ತ ಕೂರುತ್ತಿದ್ದದ್ದು ಮುಂದಿನ ಉಗ್ರಾಣದಲ್ಲಿ. ಇವನನ್ನು ಹೇಗೆ ನಂಬುವುದು ಎಂದು ವ್ಯಾಪಾರಿ ಯೋಚಿಸಿದ. ವ್ಯಾಪಾರಿ ಜಾಣ, ಮೇದಿನಿ. ನಿನ್ನಷ್ಟೇ ಜಾಣ ಅಂದುಕೋ. ಮದುವೆಗೆ ಮೊದಲೇ ಛತ್ರಕ್ಕೆ ಹೋಗಿ, ಬಟ್ಟಲಿಗೆ ಅಂಚಿನ ತುಸು ಕೆಳಗಿನವರೆಗೆ ತಾನೇ ನೀರು ಹೊಯ್ದು ತೇಲಿಬಿಟ್ಟು, ಉಗ್ರಾಣದ ಬಾಗಿಲಲ್ಲಿ ಬಂದು ನಿಂತ.

"ಮುಳುಗಿತೇನಪ್ಪ?" ಎಂದು ಕೇಳಿದ.

ಪಾರುಪತ್ಯಗಾರ ಎದ್ದು ಹೋಗಿ ನೋಡಿ ಬಂದು, "ಇನ್ನೂ ಇಲ್ಲ ಸ್ವಾಮಿ" ಎಂದ.

ತುಸು ಹೊತ್ತಿಗೆ ಮತ್ತೆ ಕೇಳಿದ. ಅವನು ಮತ್ತೆ ಎದ್ದು ಹೋದ. ಈ ಸಲ ಜಾಗಟೆ ಮೊಳಗಿತು. ಮತ್ತೊಮ್ಮೆ ನೀರು ಹೊಯ್ದು, ಮತ್ತೆ ಕೇಳಿ ನೋಡಿದ. ಆಗಲೂ ಮೊಳಗಿತು. ವ್ಯಾಪಾರಿಗೆ ಹೋದ ಜೀವ ಬಂದಂತಾಯಿತು. ಮನೆಗೆ ಬಂದು ಹೊಟ್ಟೆ ತುಂಬಾ ಉಂಡ.

ಮದುವೆಯ ದಿನ ಬೆಳಗಿನಿಂದಲೂ ಹಾಗೆಯೇ ನಡೆಯಿತು. ವ್ಯಾಪಾರಿ ಓಡಾಡುತ್ತ ಕೇಳುತ್ತಿದ್ದ, ಪಾರುಪತ್ಯಗಾರ ಹೋಗಿ ನೋಡುತ್ತಿದ್ದ, ಜಾಗಟೆ ಮೊಳಗುತ್ತಿತ್ತು. ಉಳಿದದ್ದು ಕೊನೆಯ ಬಟ್ಟಲು ಒಂದೇ. ಅಷ್ಟರಲ್ಲಿ ಪುರೋಹಿತರು ವ್ಯಾಪಾರಿಯನ್ನು ಕರೆದು ಮಗಳ ಪಕ್ಕದಲ್ಲಿ ಮಣೆಯ ಮೇಲೆ ಕೂರಿಸಿದರು. ಧಾರೆಯ ಕಲಶದ ಮುಂದೆ ಕೂತ ಅಪ್ಪ ನಡುವೆ ಏಳುವಂತಿಲ್ಲ. ಅವನು ಕಿವಿಯೆಲ್ಲ ಜಾಗಟೆಯ ಕಡೆಗೇ ಇಟ್ಟು ಕೂತ. ಅಕ್ಷತೆ ಹಿಡಿದವರ ಕೈ ಬೆವರಿತು. ಜಾಗಟೆ ಮೊಳಗಲಿಲ್ಲ. ಗಂಡಿನ ತಂದೆ ಒಮ್ಮೆ ಬಾಗಿಲಾಚೆಗಿನ ನೆರಳು ನೋಡಿದರು, ಒಮ್ಮೆ ಪುರೋಹಿತರ ಮುಖ ನೋಡಿದರು. ಕೊನೆಗೆ ವ್ಯಾಪಾರಿ ತಡೆಯಲಾರದೆ ಮಣೆ ಬಿಟ್ಟು ಹಿಂದಿನ ಪಡಸಾಲೆಗೆ ಓಡಿದ.

ಬಟ್ಟಲು ಕೊಪ್ಪರಿಗೆಯ ತಳದಲ್ಲಿ ಕೂತಿತ್ತು. ಮುಳುಗಿ ಎಷ್ಟು ಹೊತ್ತಾಯಿತೋ ದೇವರೇ ಬಲ್ಲ. ಪಾರುಪತ್ಯಗಾರ ಉಗ್ರಾಣದಲ್ಲಿ ಊಟದ ಎಲೆ ಒರೆಸುತ್ತಿದ್ದ. ವ್ಯಾಪಾರಿ ಅವನ ರಟ್ಟೆ ಹಿಡಿದು, ಯಾಕೋ ಬಾರಿಸಲಿಲ್ಲ ಎಂದು ಕೇಳಿದ. ಆ ಮನುಷ್ಯನ ಮುಖದಲ್ಲಿ ಕಪಟ ಇರಲಿಲ್ಲ.

"ಈ ಸಲ ನೀವು ಕೇಳಲೇ ಇಲ್ಲವಲ್ಲ ಸ್ವಾಮಿ" ಎಂದ.

ವ್ಯಾಪಾರಿ ಮಂಟಪಕ್ಕೆ ಮರಳುವ ಹೊತ್ತಿಗೆ ಬೀಗರು ಮೆಟ್ಟು ಮೆಟ್ಟುತ್ತಿದ್ದರು. ಮಗಳು ಬಾಸಿಂಗ ಕಟ್ಟಿಕೊಂಡು ಹಸೆಯ ಮೇಲೆ ಹಾಗೇ ಕೂತಿದ್ದಳು.

ಮೇಷ್ಟ್ರು ಅಷ್ಟಕ್ಕೇ ನಿಲ್ಲಿಸಿದರು. ಮೇದಿನಿ ಆ ಹುಡುಗಿಯನ್ನೇ ನೆನೆಯುತ್ತಿದ್ದಳು.

"ಅಯ್ಯೋ ಪಾಪ. ಅವಳ ಅಪ್ಪ ಕೂತಲ್ಲಿಂದಲೇ ಯಾರನ್ನಾದರೂ ಕಳಿಸಿ ಒಂದು ಮಾತು ಕೇಳಿಸಿದ್ದರೆ ಸಾಕಿತ್ತಲ್ಲ ಮೇಷ್ಟ್ರೇ" ಎಂದಳು.

ಮೇಷ್ಟ್ರು ಕನ್ನಡಕ ಒರೆಸಿ ಹಾಕಿಕೊಂಡರು.

"ಕೇಳಿದರೆ ಸಾಕು ಎನ್ನುವುದಾದರೆ, ತಾಯಿ, ಅಲ್ಲಿ ಜಾಗಟೆಯನ್ನು ಯಾಕೆ ತೂಗುಹಾಕಿದ್ದರು?"

ಮೇದಿನಿ ಪರದೆಯತ್ತ ತಿರುಗಿ, ಪರೀಕ್ಷೆಯಲ್ಲಿ ಕೌಂಟರನ್ನು ಓದುವ ಸಾಲನ್ನು ಅಳಿಸಿ, ಎಣಿಕೆಯನ್ನು ಮತ್ತೆ ಅಂಚಿಗೆ ತಂದಿಟ್ಟು, ಏನೂ ಕೇಳದೆ ಕೈಕಟ್ಟಿ ಕೂತಳು. ಎಣಿಕೆ ತುಂಬುವ ಹೊತ್ತು ಮೀರಿದರೂ ಸುದ್ದಿ ಬರಲಿಲ್ಲ.